ನೀರುಬಾಗಿಲ ಮುಂದಿನ ಓದು: ನೆಹೆಮೀಯ ೮:೮ರ ‘ಮೆಫೋರಾಷ್’ ಪದದ ಅರ್ಥವಿಚಾರ

ಸೆರೆಯಿಂದ ಮರಳಿದ ಯೆಹೂದ್ಯರು ಯೆರೂಸಲೇಮಿನ ನೀರುಬಾಗಿಲ ಮುಂದಿನ ಬಯಲಿನಲ್ಲಿ ನೆರೆದು ಮೋಶೆಯ ಧರ್ಮಶಾಸ್ತ್ರವನ್ನು ಕೇಳಿದ ವೃತ್ತಾಂತ ನೆಹೆಮೀಯನ ಗ್ರಂಥದ ಎಂಟನೆಯ ಅಧ್ಯಾಯದಲ್ಲಿದೆ. ಓದು ಹೇಗೆ ನಡೆಯಿತೆಂಬುದನ್ನು ಎಂಟನೆಯ ವಚನದಲ್ಲಿ ಒಂದು ಹೀಬ್ರೂ ಪದ ಹೇಳುತ್ತದೆ: ‘ಮೆಫೋರಾಷ್’. ಹಾನ್ಸ್ ಹೈನ್ರಿಷ್ ಶೇಡರ್ ಅವರು ಶಾಸ್ತ್ರಿಯಾದ ಎಜ್ರನನ್ನು ಕುರಿತು ೧೯೩೦ರಲ್ಲಿ ಪ್ರಕಟಿಸಿದ ಜರ್ಮನ್ ಗ್ರಂಥದಲ್ಲಿ ಇದನ್ನು ಪರ್ಷಿಯದ ರಾಜ್ಯಾಡಳಿತದ ಪಾರಿಭಾಷಿಕ ಪದವೆಂದು ಗುರುತಿಸಿದರು. ಒಂದು ಭಾಷೆಯಲ್ಲಿರುವ ಪತ್ರವನ್ನು ಲಿಪಿಕಾರನು ಕೈಯಲ್ಲಿ ಹಿಡಿದು, ಆ ಕ್ಷಣದಲ್ಲೇ ಇನ್ನೊಂದು ಭಾಷೆಯಲ್ಲಿ ಓದಿ ಹೇಳುವುದೇ ಅವರ ಪ್ರಕಾರ ‘ಮೆಫೋರಾಷ್’. ಹಾಗಾದರೆ ಅಂದು ಹೀಬ್ರೂ ಧರ್ಮಶಾಸ್ತ್ರವನ್ನು ಜನರಿಗೆ ಅರಾಮ್ಯ ಭಾಷೆಯಲ್ಲಿ ಅನುವಾದಿಸಿ ಹೇಳಲಾಯಿತೆಂದಾಗುತ್ತದೆ. ಈ ನಿಲುವು ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಇದು ಒಂದು ಪದದ ಅರ್ಥವನ್ನಷ್ಟೇ ಅಲ್ಲ, ಆ ದಿನ ಜನ ಅತ್ತದ್ದೂ ಆಮೇಲೆ ಹಬ್ಬ ಮಾಡಿದ್ದೂ ಏಕೆಂಬುದನ್ನೂ ತಪ್ಪಾಗಿ ಬಿಡಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಿನ್ನೆಲೆಯ ಬಗ್ಗೆ ಹೆಚ್ಚು ತಕರಾರಿಲ್ಲ. ಕ್ರಿ.ಪೂ. ೫೩೯ರಲ್ಲಿ ಬಾಬಿಲೋನನ್ನು ಗೆದ್ದ ಕೋರೆಷನು ಸೆರೆಯವರಿಗೆ ಮರಳಲು ಅವಕಾಶ ಕೊಟ್ಟನು. ದೇವಾಲಯದ ಮರುನಿರ್ಮಾಣ ೫೧೫ರಲ್ಲಿ ಮುಗಿಯಿತು. ನೆಹೆಮೀಯನು ಬಂದದ್ದು ಅರ್ತಷಸ್ತನ ಇಪ್ಪತ್ತನೆಯ ವರ್ಷದಲ್ಲಿ, ಅಂದರೆ ೪೪೫ರಲ್ಲಿ. ಎಜ್ರನು ೪೫೮ರಲ್ಲಿ ಬಂದನೋ, ಎರಡನೆಯ ಅರ್ತಷಸ್ತನ ಕಾಲದಲ್ಲಿ, ೩೯೮ರಲ್ಲಿ ಬಂದನೋ ಎಂಬ ಹಳೆಯ ಜಗಳ ಪೂರ್ತಿ ತೀರಿಲ್ಲ. ಎಂಟನೆಯ ಅಧ್ಯಾಯ ಮೊದಲು ಎಜ್ರನ ವೃತ್ತಾಂತಕ್ಕೆ ಸೇರಿದ್ದು ಎಂಬುದನ್ನು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಗ್ರೀಕಿನ ಮೊದಲನೆಯ ಎಸ್ದ್ರಾಸ್ ಗ್ರಂಥ ಈ ಓದನ್ನು ಎಜ್ರನ ಕಥೆಯ ಕೊನೆಗೇ ಜೋಡಿಸುತ್ತದೆ, ಅಲ್ಲಿ ನೆಹೆಮೀಯನ ಹೆಸರೂ ಇಲ್ಲ. ನನ್ನ ವಾದಕ್ಕೆ ಈ ಯಾವುದರ ತೀರ್ಮಾನವೂ ಅಗತ್ಯವಿಲ್ಲ.

ಆದರೆ ಆ ದಿನದ ಚಿತ್ರ ಕಣ್ಣ ಮುಂದಿರಬೇಕು. ಏಳನೆಯ ತಿಂಗಳ ಮೊದಲ ದಿನ. ಗ್ರಂಥವನ್ನು ತರುವಂತೆ ಕೇಳಿದವರು ಜನರೇ. ಇದು ಚಿಕ್ಕ ಸಂಗತಿಯಲ್ಲ. ಯೋಷೀಯನ ಕಾಲದಲ್ಲಿ, ಸುಮಾರು ೬೨೨ರಲ್ಲಿ, ದೇವಾಲಯದಲ್ಲಿ ಸಿಕ್ಕ ಗ್ರಂಥವನ್ನು ಅರಸನು ಜನರನ್ನು ಕರೆಸಿ ಓದಿ ಕೇಳಿಸಿದ್ದನು. ಇಲ್ಲಿ ಅರಸನಿಲ್ಲ; ಸ್ಥಳ ದೇವಾಲಯದ ಅಂಗಳವಲ್ಲ, ಬಾಗಿಲ ಬಳಿಯ ಬಯಲು; ಕೇಳುಗರಲ್ಲಿ ಗಂಡಸರು, ಹೆಂಗಸರು, ಕೇಳಿ ಗ್ರಹಿಸಬಲ್ಲ ಎಲ್ಲರೂ ಇದ್ದಾರೆ. ಎಜ್ರನು ಮರದ ಪೀಠದ ಮೇಲೆ ನಿಂತಿದ್ದಾನೆ, ಬಲಕ್ಕೆ ಆರು ಜನ, ಎಡಕ್ಕೆ ಏಳು ಜನ. ಬೆಳಗಿನಿಂದ ನಡುಹಗಲವರೆಗೆ ಓದು ನಡೆಯುತ್ತದೆ. ಜನರು ನಿಂತಲ್ಲೇ ಇರುವಾಗ, ಹೆಸರು ಹೇಳಲಾದ ಹದಿಮೂರು ಜನರೂ ಲೇವಿಯರೂ ಅವರಿಗೆ ಅರ್ಥ ತಿಳಿಸುತ್ತಾರೆ. ಎಂಟನೆಯ ವಚನದಲ್ಲಿ ಕ್ರಿಯಾಪದ ಬಹುವಚನಕ್ಕೆ ತಿರುಗುತ್ತದೆ: ಓದಿದವನು ಎಜ್ರನೊಬ್ಬನೇ ಅಲ್ಲ, ‘ಅವರು’ ಓದಿದರು.

ಈಗ ವಿವಾದದ ಪದಕ್ಕೆ ಬರೋಣ. ಅನುವಾದದ ಪಕ್ಷದಲ್ಲಿ ಎರಡು ಆಧಾರಗಳಿವೆ. ಒಂದು, ಬಾಬಿಲೋನಿನ ತಲ್ಮೂದಿನ ಮೆಗಿಲ್ಲಾ ಪ್ರಕರಣದಲ್ಲಿ, ಕ್ರಿ.ಶ. ಮೂರನೆಯ ಶತಮಾನದ ರಾವ್ ಎಂಬ ಗುರುವಿನ ಹೆಸರಿನಲ್ಲಿ ಬರುವ ಹೇಳಿಕೆ: ‘ಮೆಫೋರಾಷ್’ ಎಂದರೆ ತಾರ್ಗುಮ್, ಅಂದರೆ ಅರಾಮ್ಯ ಅನುವಾದ. ಇನ್ನೊಂದು, ಎಜ್ರನ ಗ್ರಂಥ ೪:೧೮ರಲ್ಲಿ ಪರ್ಷಿಯದ ಅರಸನು ತನ್ನ ಮುಂದೆ ಓದಲಾದ ಪತ್ರದ ಬಗ್ಗೆ ಹೇಳುವಾಗ ಬಳಸುವ ಅರಾಮ್ಯ ರೂಪ ‘ಮೆಫಾರಾಷ್’. ಅರಸನಿಗೆ ಅರಾಮ್ಯ ಬರುತ್ತಿರಲಿಲ್ಲ, ಆದ್ದರಿಂದ ಅದನ್ನು ಪರ್ಷಿಯನ್ ಭಾಷೆಗೆ ತಿರುಗಿಸಿ ಓದಿರಬೇಕು ಎಂಬುದು ಶೇಡರ್ ಅವರ ತರ್ಕ.

ಮೊದಲ ಆಧಾರ ಕಾಣುವಷ್ಟು ಗಟ್ಟಿಯಲ್ಲ. ರಾವ್‌ನ ಹೇಳಿಕೆ ಬರುವುದು ತಾರ್ಗುಮ್ ಹುಟ್ಟಿದ್ದು ಯಾವಾಗ ಎಂಬ ಚರ್ಚೆಯ ನಡುವೆ. ಧರ್ಮಶಾಸ್ತ್ರದ ತಾರ್ಗುಮನ್ನು ಓನ್ಕೆಲೋಸ್ ರಚಿಸಿದನೆಂಬ ಮಾತಿಗೆ ಆಕ್ಷೇಪವಾಗಿ ಈ ವಚನವನ್ನು ತರಲಾಗುತ್ತದೆ. ಮರೆತುಹೋದದ್ದನ್ನು ಮರಳಿ ಸ್ಥಾಪಿಸಲಾಯಿತೆಂಬ ಸಮಾಧಾನ ಸಿಗುತ್ತದೆ. ತಮ್ಮ ಸಭೆಗಳಲ್ಲಿ ದಿನನಿತ್ಯ ನಡೆಯುತ್ತಿದ್ದ ಪದ್ಧತಿಗೆ ಎಜ್ರನಷ್ಟು ಹಳೆಯ ಮೂಲವನ್ನು ಕಾಣುವ ಭಕ್ತಿಯ ಓದು ಅದು. ಅದನ್ನು ಗೌರವಿಸಬೇಕು, ಆದರೆ ಕ್ರಿ.ಪೂ. ಐದನೆಯ ಶತಮಾನದ ಸಾಕ್ಷ್ಯವಾಗಿ ಹಿಡಿಯಲಾಗದು. ಅದೇ ಹೇಳಿಕೆ ಅದೇ ವಚನದ ಉಳಿದ ಪದಗಳನ್ನು ವಾಕ್ಯವಿಭಾಗಕ್ಕೂ ಓದಿನ ನಿಲುಗಡೆಗಳಿಗೂ ಹಂಚುತ್ತದೆ. ಹಾಗೆ ನೋಡಿದರೆ ಇದು ಅನಂತರದ ಸಭಾಪದ್ಧತಿಯ ಅಂಗಗಳನ್ನೆಲ್ಲ ಒಂದೇ ವಚನದಲ್ಲಿ ಹುಡುಕುವ ಪ್ರಯತ್ನ. ಇನ್ನು ಬರಹರೂಪದ ತಾರ್ಗುಮಿನ ಅತ್ಯಂತ ಹಳೆಯ ತುಣುಕುಗಳು ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಯೋಬನ ತಾರ್ಗುಮ್ ಮತ್ತು ಯಾಜಕಕಾಂಡದ ಕಿರುಭಾಗ. ಅವು ಎಜ್ರನಿಗಿಂತ ಶತಮಾನಗಳಷ್ಟು ಈಚಿನವು.

ಎರಡನೆಯ ಆಧಾರ ಗಂಭೀರವಾದದ್ದು. ಆದರೆ ಶೇಡರ್ ಅವರು ಆಧರಿಸಿದ ಅಧ್ಯಾಯದಲ್ಲೇ, ಹನ್ನೊಂದು ವಚನಗಳಷ್ಟು ಹಿಂದೆ, ಅವರ ವಾದವನ್ನು ಸಡಿಲಿಸುವ ಪದವೊಂದಿದೆ. ಎಜ್ರ ೪:೭ರಲ್ಲಿ ಅರಸನಿಗೆ ಬರೆದ ಪತ್ರವನ್ನು ವರ್ಣಿಸುವಾಗ, ಹೀಬ್ರೂ ವಾಕ್ಯದೊಳಗೇ, ಲೇಖಕನು ‘ಮೆತುರ್ಗಾಮ್’ ಎನ್ನುತ್ತಾನೆ. ‘ತಾರ್ಗುಮ್’ ಹುಟ್ಟಿದ ಧಾತುವೇ ಅದು. ಒಂದೇ ಕೃತಿಸಮುಚ್ಚಯದಲ್ಲಿ ಅನುವಾದಕ್ಕೆ ಸ್ಪಷ್ಟವಾದ ಪದ ಲೇಖಕನ ಕೈಯಲ್ಲಿತ್ತು. ನೀರುಬಾಗಿಲ ಮುಂದೆ ನಡೆದದ್ದು ಅನುವಾದವೇ ಆಗಿದ್ದರೆ ಅವನು ಆ ಪದವನ್ನು ಬಿಟ್ಟು ಬೇರೊಂದನ್ನು ಏಕೆ ಆರಿಸಿದನು? ಒಂದೇ ಕೈ ಎರಡೂ ಕಡೆ ಬರೆದಿದೆಯೆಂದು ನಾನು ಹೇಳುತ್ತಿಲ್ಲ. ಅನುವಾದಕ್ಕೆ ‘ಮೆತುರ್ಗಾಮ್’ ಎನ್ನುವುದು ಆ ವಲಯದ ಬರಹಗಾರರಿಗೆ ಗೊತ್ತಿತ್ತು ಎನ್ನುವುದಷ್ಟೇ ಸಾಕು.

ಹಾಗಾದರೆ ಈ ಧಾತುವಿನ ಸ್ವಂತ ವ್ಯಾಪ್ತಿ ಯಾವುದು? ಈಜಿಪ್ಟಿನ ಎಲಿಫಂಟೈನ್ ದ್ವೀಪದಲ್ಲಿದ್ದ ಯೆಹೂದಿ ಸೈನಿಕ ನೆಲೆಯಿಂದ ಬಂದು, ಕೌಲಿ ಅವರು ೧೯೨೩ರಲ್ಲಿ ಸಂಪಾದಿಸಿದ ಐದನೆಯ ಶತಮಾನದ ಅರಾಮ್ಯ ಪಪೈರಸ್‌ಗಳಲ್ಲಿ ಇದು ಬಗೆಬಗೆಯಾಗಿ, ತಿಂಗಳು ತಿಂಗಳಿಗೆ ಬಿಡಿಸಿ ತೋರಿಸುವ ಅರ್ಥದಲ್ಲಿ ಬರುತ್ತದೆ. ಅದೂ ಪರ್ಷಿಯದ ಆಡಳಿತದ ಭಾಷೆಯೇ. ಅಲ್ಲಿ ಅನುವಾದದ ಪ್ರಸಕ್ತಿಯೇ ಇಲ್ಲ. ಗ್ರೀಕ್ ಅನುವಾದಕರು ಎಂಟನೆಯ ವಚನದಲ್ಲಿ ಬೇರ್ಪಡಿಸಿ ತಿಳಿಸುವುದನ್ನು ಸೂಚಿಸುವ ಕ್ರಿಯಾಪದವನ್ನು ಬಳಸಿದರು. ಜೆರೋಮನ ಲ್ಯಾಟಿನ್ ವಿಂಗಡಿಸಿ, ಬಿಚ್ಚಿಟ್ಟು ಓದಿದರೆಂದು ಹೇಳುತ್ತದೆ. ಯಾರೂ ಅನುವಾದವೆನ್ನಲಿಲ್ಲ. ಮೃತಸಮುದ್ರದ ಬಳಿಯ ಸಮುದಾಯದ ದಮಸ್ಕದ ನಿಯಮಗ್ರಂಥದಲ್ಲಿ ಇದೇ ಧಾತುವಿನ ‘ಪೆರೂಷ್’ ಎಂಬ ನಾಮಪದ ಧರ್ಮಶಾಸ್ತ್ರದ ಕರಾರುವಾಕ್ಕಾದ ವಿವರಣೆಗೆ ಬಳಕೆಯಾಗುತ್ತದೆ.

ಬಹಳ ಮುಖ್ಯವಾದ ಸಾಕ್ಷ್ಯ ಧರ್ಮಶಾಸ್ತ್ರದ ಒಳಗೇ ಇದೆ. ಮೋಶೆಯ ಗ್ರಂಥಗಳಲ್ಲಿ ಇದೇ ಧಾತು ಕ್ರಿಯಾಪದವಾಗಿ ಎರಡು ಕಡೆ ಬರುತ್ತದೆ: ದೇವರ ಹೆಸರನ್ನು ದೂಷಿಸಿದವನ ಪ್ರಸಂಗದಲ್ಲಿ (ಯಾಜಕಕಾಂಡ ೨೪:೧೨) ಮತ್ತು ಸಬ್ಬತ್ ದಿನ ಸೌದೆ ಆಯ್ದವನ ಪ್ರಸಂಗದಲ್ಲಿ (ಅರಣ್ಯಕಾಂಡ ೧೫:೩೪). ಎರಡೂ ಒಂದೇ ಬಗೆಯವು. ಅಪರಾಧ ಗೊತ್ತಿದೆ, ನಿಯಮವೂ ಇದೆ, ಈ ಮನುಷ್ಯನಿಗೆ ಏನು ಮಾಡಬೇಕೆಂಬುದು ನಿರ್ಣಯವಾಗಿಲ್ಲ. ಅದು ತಿಳಿಯುವ ತನಕ ಅವನನ್ನು ಕಾವಲಿನಲ್ಲಿ ಇಡುತ್ತಾರೆ. ಇಲ್ಲಿ ಧಾತುವಿನ ಅರ್ಥ ಭಾಷಾಂತರವೂ ಅಲ್ಲ, ಬರಿಯ ಉಚ್ಚಾರದ ಸ್ಪಷ್ಟತೆಯೂ ಅಲ್ಲ. ನಿಯಮವು ಮುಂದಿರುವ ಸಂದರ್ಭಕ್ಕೆ ಏನು ಹೇಳುತ್ತದೆಂದು ಗೊತ್ತುಮಾಡಿ ಹೇಳುವುದೇ ಅದರ ಅರ್ಥ. ಎಜ್ರನು ಬಿಚ್ಚಿದ ಗ್ರಂಥದಲ್ಲಿ ಇದೇ ಪದ ಈ ಅರ್ಥದಲ್ಲಿ ಇದ್ದಿರುವಾಗ, ಆ ಗ್ರಂಥದ ಓದನ್ನು ವರ್ಣಿಸುವವನ ಕಿವಿಯಲ್ಲಿ ಅದು ಮೊಳಗಿರದೇ? ಎಂಟನೆಯ ವಚನದ ‘ಮೆಫೋರಾಷ್’ ಎಂದರೆ ಧರ್ಮಶಾಸ್ತ್ರವನ್ನು ಭಾಗಭಾಗವಾಗಿ ಓದಿ, ಪ್ರತಿ ಭಾಗ ಕೇಳುಗರ ಬದುಕಿಗೆ ಏನನ್ನು ವಿಧಿಸುತ್ತದೆಂಬ ನಿರ್ಣಯವನ್ನು ಕೂಡಿಸಿ ಹೇಳಿದರು ಎಂದು ನಾನು ಸೂಚಿಸುತ್ತೇನೆ.

ಈ ಸೂಚನೆ ನಿಲ್ಲುತ್ತದೆಯೇ ಎಂದು ನೋಡಲು ಅದೇ ಅಧ್ಯಾಯದಲ್ಲಿ ಒಂದು ಪರೀಕ್ಷೆಯಿದೆ. ಮರುದಿನ ಕುಲದ ಮುಖ್ಯಸ್ಥರೂ ಯಾಜಕರೂ ಲೇವಿಯರೂ ಎಜ್ರನ ಬಳಿ ಕೂಡಿ ಧರ್ಮಶಾಸ್ತ್ರವನ್ನು ವಿಚಾರಮಾಡಿದಾಗ ಪರ್ಣಶಾಲೆಗಳ ಹಬ್ಬದ ವಿಧಿ ಕಾಣುತ್ತದೆ. ಬೆಟ್ಟಕ್ಕೆ ಹೋಗಿ ಎಣ್ಣೆಮರ, ಕಾಡಿನ ಎಣ್ಣೆಮರ, ಸುಗಂಧದ ಮಿರ್ಟಲ್, ಖರ್ಜೂರ, ದಟ್ಟವಾದ ಎಲೆಗಳ ಮರಗಳ ರೆಂಬೆಗಳನ್ನು ತಂದು, ಬರೆದಿರುವಂತೆ ಪರ್ಣಶಾಲೆ ಕಟ್ಟಬೇಕೆಂದು ಸಾರುತ್ತಾರೆ. ಆದರೆ ನಮಗೆ ದೊರೆತಿರುವ ಯಾಜಕಕಾಂಡದ ೨೩ನೆಯ ಅಧ್ಯಾಯದಲ್ಲಿ ಪಟ್ಟಿ ಬೇರೆಯೇ: ಅಲ್ಲಿ ಒಳ್ಳೆಯ ಮರದ ಫಲವಿದೆ, ಹಳ್ಳದ ದಂಡೆಯ ನೀರವಂಜಿಯಿದೆ, ಎಣ್ಣೆಮರದ ಮಾತೇ ಇಲ್ಲ. ಅಲ್ಲಿ ರೆಂಬೆಗಳು ಸಂತೋಷಪಡಲಿಕ್ಕೆ. ಗುಡಿಸಲನ್ನು ಯಾವುದರಿಂದ ಕಟ್ಟಬೇಕೆಂದು ಆ ವಿಧಿ ಹೇಳುವುದೇ ಇಲ್ಲ. ಆದರೂ ಇದು ‘ಬರೆದಿರುವಂತೆ’. ಹತ್ತನೆಯ ಅಧ್ಯಾಯದ ಒಡಂಬಡಿಕೆಯಲ್ಲೂ ಯಜ್ಞವೇದಿಗೆ ಸೌದೆ ಒದಗಿಸುವ ಸರದಿ ‘ಬರೆದಿರುವಂತೆ’ ಎಂದೇ ಬರುತ್ತದೆ. ಪಂಚಗ್ರಂಥಗಳಲ್ಲಿ ಅಂಥ ಸರದಿಯ ವಿಧಿಯಿಲ್ಲ, ವೇದಿಯ ಬೆಂಕಿ ಆರಬಾರದೆಂಬ ವಿಧಿ ಮಾತ್ರ ಇದೆ. ಡೇವಿಡ್ ಕ್ಲೈನ್ಸ್ ೧೯೮೧ರಲ್ಲಿ ಹತ್ತನೆಯ ಅಧ್ಯಾಯವನ್ನು ಯೆಹೂದಿ ವ್ಯಾಖ್ಯಾನದ ಆದಿಯ ಮಾದರಿಯೆಂದು ತೋರಿಸಿದ್ದರು. ಮೈಕಲ್ ಫಿಷ್‌ಬೇನ್ ೧೯೮೫ರ ತಮ್ಮ ದೊಡ್ಡ ಗ್ರಂಥದಲ್ಲಿ ಇದೇ ದಾರಿಯನ್ನು ವಿಸ್ತರಿಸಿದರು. ಅವರ ಸಾಧನೆಗೆ ನಾನು ಸೇರಿಸಬಯಸುವುದು ಒಂದೇ: ಅವರು ಹತ್ತನೆಯ ಅಧ್ಯಾಯದಲ್ಲಿ ಕಂಡ ಕೆಲಸಕ್ಕೆ ಎಂಟನೆಯ ವಚನ ಹೆಸರನ್ನು ಕೊಡುತ್ತದೆ. ಮೂಲಪಾಠ ಮತ್ತು ಅದರ ನಿರ್ಣಯ ಒಟ್ಟಿಗೆ ಸೇರಿ ‘ಬರೆದದ್ದು’ ಎನಿಸಿಕೊಳ್ಳುವ ಹಾದಿಯೇ ‘ಮೆಫೋರಾಷ್’.

ಇಲ್ಲಿ ಮೂರು ಎಚ್ಚರಿಕೆಗಳನ್ನು ನಾನೇ ಹೇಳಬೇಕು. ಎಜ್ರನ ಕೈಯಲ್ಲಿದ್ದ ಗ್ರಂಥ ನಮ್ಮ ಕೈಯಲ್ಲಿರುವುದರಂತೆಯೇ ಇತ್ತೆಂದು ಯಾರೂ ಖಾತರಿ ಕೊಡಲಾರರು. ಏಳನೆಯ ತಿಂಗಳ ಹತ್ತನೆಯ ದಿನದ ದೋಷಪರಿಹಾರಕ ದಿನದ ಸುಳಿವೇ ಈ ಅಧ್ಯಾಯಗಳಲ್ಲಿಲ್ಲ ಎಂಬುದು ಆ ಸಂಶಯವನ್ನು ಬಲಪಡಿಸುತ್ತದೆ. ಹಾಗಾದರೆ ಮರಗಳ ಪಟ್ಟಿ ನಿರ್ಣಯದ ಫಲವಾಗಿರದೆ ಇನ್ನೊಂದು ಪಾಠದ ಉಳಿಕೆಯಾಗಿರಬಹುದು. ಎರಡನೆಯದು, ಹಬ್ಬದ ಭಾಗವನ್ನು ಬೇರೆ ಕೈ ಸೇರಿಸಿದ್ದರೆ ಅದನ್ನು ಎಂಟನೆಯ ವಚನಕ್ಕೆ ಭಾಷ್ಯವಾಗಿ ಬಳಸುವುದು ದುರ್ಬಲವಾಗುತ್ತದೆ. ಮೂರನೆಯದಾಗಿ, ಎರಡೇ ಪ್ರಯೋಗಗಳ ಮೇಲೆ ಒಂದು ಧಾತುವಿನ ಅರ್ಥವನ್ನು ಕಟ್ಟುವುದು ಅಪಾಯದ ಕೆಲಸ. ಎಲಿಫಂಟೈನಿನ ‘ಬಿಡಿಸಿ ತೋರಿಸು’ ಎಂಬ ಅರ್ಥವೊಂದೇ ಇಲ್ಲಿಗೂ ಸಾಕೆಂದು ಯಾರಾದರೂ ಹೇಳಿದರೆ ನಾನು ತಕ್ಷಣ ಅಲ್ಲಗಳೆಯಲಾರೆ. ಅನುವಾದವಂತೂ ಆ ಪದದ ಅರ್ಥವಲ್ಲ ಎಂಬ ತೀರ್ಮಾನ ಮಾತ್ರ ಈ ಮೂರರಿಂದಲೂ ಅಲುಗುವುದಿಲ್ಲ.

ಜನರಿಗೆ ಹೀಬ್ರೂ ಮರೆತುಹೋಗಿತ್ತೆಂಬ ಊಹೆಯ ಬಗ್ಗೆಯೂ ಒಂದು ಮಾತು. ಹೊರನಾಡಿನ ಹೆಂಗಸರನ್ನು ಮದುವೆಯಾದ ಯೆಹೂದ್ಯರ ಮಕ್ಕಳಲ್ಲಿ ಅರ್ಧ ಜನ ಅಷ್ಡೋದಿನ ಭಾಷೆಯನ್ನಾಡುತ್ತಾರೆ, ‘ಯೆಹೂದಿತ್’ ಎಂಬ ಯೆಹೂದದ ಮಾತು ಅವರಿಗೆ ಬಾರದೆಂದು ನೆಹೆಮೀಯನು ಹದಿಮೂರನೆಯ ಅಧ್ಯಾಯದಲ್ಲಿ ಸಿಟ್ಟಾಗುತ್ತಾನೆ. ಮನೆಯಲ್ಲಿ ಆಡಬೇಕಾದದ್ದು ಅದೇ ಎಂಬ ನಿರೀಕ್ಷೆಯಿಲ್ಲದೆ ಆ ಸಿಟ್ಟು ಹುಟ್ಟದು. ಅರಸುಗಳ ಎರಡನೆಯ ಗ್ರಂಥದ ೧೮ನೆಯ ಅಧ್ಯಾಯದಲ್ಲಿ, ಗೋಡೆಯ ಮೇಲಿನ ಜನರಿಗೆ ತಿಳಿಯದಿರಲೆಂದು ಅಧಿಕಾರಿಗಳು ಅಶ್ಶೂರದ ದೂತನನ್ನು ‘ಯೆಹೂದಿತ್’ ಬಿಟ್ಟು ಅರಾಮ್ಯದಲ್ಲಿ ಮಾತಾಡು ಎಂದು ಬೇಡುತ್ತಾರೆ. ಅಲ್ಲಿ ಆ ಹೆಸರು ಅರಾಮ್ಯಕ್ಕೆ ಎದುರಾದ ನಾಡಮಾತಿನದು. ಐದನೆಯ ಶತಮಾನದಲ್ಲಿ ಆ ಹೆಸರು ಅರಾಮ್ಯಕ್ಕೆ ದಾಟಿತ್ತೆನ್ನುವವರಿದ್ದಾರೆ, ನನಗೆ ಅದು ಕಷ್ಟದ ಊಹೆಯಾಗಿ ಕಾಣುತ್ತದೆ. ಬಾಬಿಲೋನಿನಿಂದ ಹೊಸದಾಗಿ ಬಂದ ಕೆಲವರಿಗೆ ಲೇವಿಯರು ಅರಾಮ್ಯದಲ್ಲಿ ಪಿಸುಗುಟ್ಟಿ ತಿಳಿಸಿರಲೂಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇಷ್ಟನ್ನು ಒಪ್ಪಿದರೆ ಜನರ ಕಣ್ಣೀರು ತಿಳಿಯುತ್ತದೆ. ಒಂದರಿಂದ ಹನ್ನೆರಡರವರೆಗಿನ ವಚನಗಳಲ್ಲಿ ‘ತಿಳಿ, ಗ್ರಹಿಸು’ ಎಂಬ ಧಾತು ಆರು ಸಲ ಬರುತ್ತದೆ. ಆರನೆಯ ಸಲ ಬರುವುದು ಜನರ ಸಂತೋಷಕ್ಕೆ ಕಾರಣ ಹೇಳುವಲ್ಲಿ. ಭಾಷೆ ತಿಳಿಯಿತೆಂದು ಯಾರೂ ಅಳುವುದಿಲ್ಲ. ಧರ್ಮಶಾಸ್ತ್ರ ತಮ್ಮ ಸಾಲ, ತಮ್ಮ ಮದುವೆ, ತಮ್ಮ ಸಬ್ಬತ್ ದಿನದ ವ್ಯಾಪಾರವನ್ನು ಕುರಿತು ಹೇಳುತ್ತಿದೆಯೆಂದು ತಿಳಿದಾಗ ಅಳುತ್ತಾರೆ. ಹತ್ತನೆಯ ಅಧ್ಯಾಯದಲ್ಲಿ ಅವರು ಕೈಹಾಕಿದ್ದು ಈ ಸಂಗತಿಗಳಿಗೇ. ಅಳಬೇಡಿರಿ, ಕೊಬ್ಬಿದ್ದನ್ನು ಉಣ್ಣಿರಿ, ಇಲ್ಲದವರಿಗೆ ಪಾಲು ಕಳುಹಿಸಿರಿ ಎಂಬ ಸಾಂತ್ವನವೂ ಒಂದು ನಿರ್ಣಯವೇ: ಈ ಪವಿತ್ರ ದಿನಕ್ಕೆ ತಕ್ಕದ್ದು ದುಃಖವಲ್ಲ. ಆ ಜನರ ಆತ್ಮಿಕ ಪುನರುಜ್ಜೀವನವನ್ನು ಬರಿಯ ಭಾವಾವೇಶವೆಂದು ಬರೆಯುವವರು ಈ ಕ್ರಮವನ್ನು ಗಮನಿಸಬೇಕು. ಮೊದಲು ತಿಳಿವು, ಆಮೇಲೆ ಅಳು, ಆಮೇಲೆ ಹಂಚಿಕೊಂಡ ಊಟ, ಮರುದಿನ ಮತ್ತೆ ವಿಚಾರ.

ಇತ್ಯರ್ಥವಾಗದೆ ಉಳಿದದ್ದು ಲೇವಿಯರ ಪಾತ್ರ. ಅವರು ಗುಂಪುಗುಂಪಾಗಿ ನಿಂತ ಜನರ ನಡುವೆ ಏಕಕಾಲದಲ್ಲಿ ಓದಿದರೋ, ಎಜ್ರನು ನಿಲ್ಲಿಸಿದಾಗಲೆಲ್ಲ ವಿವರಿಸಿದರೋ ಎಂಬುದನ್ನು ಆ ಬಹುವಚನದ ಕ್ರಿಯಾಪದವೊಂದೇ ತೀರ್ಮಾನಿಸಲಾರದು. ಅದೇ ತಿಂಗಳ ಇಪ್ಪತ್ತನಾಲ್ಕನೆಯ ದಿನ ಅದೇ ಜನ ಉಪವಾಸವಿದ್ದು, ಗೋಣಿತಟ್ಟು ಉಟ್ಟು ಮತ್ತೆ ಕೂಡಿದರು. ಹಗಲಿನ ಕಾಲುಭಾಗ ಧರ್ಮಶಾಸ್ತ್ರವನ್ನು ಓದಿದರು, ಇನ್ನೊಂದು ಕಾಲುಭಾಗ ಪಾಪಗಳನ್ನು ಅರಿಕೆ ಮಾಡಿದರು. ಆ ಓದಿನ ವರ್ಣನೆಯಲ್ಲಿ ‘ಮೆಫೋರಾಷ್’ ಎಂಬ ಪದವಿಲ್ಲ, ಅರ್ಥ ಹೇಳುವವರ ಹೆಸರೂ ಇಲ್ಲ.