ಹತ್ತರಲ್ಲಿ ನಾಲ್ಕು ಕಳೆ

ಹೋದ ಬೇಸಿಗೆ ರಜೆಗೆ ಊರಿಗೆ, ಅಂದ್ರೆ ಹಿರಿಯೂರು ಪಕ್ಕದ ಬಬ್ಬೂರಿಗೆ ಹೋಗಿದ್ದೆ. ಆರನೇ ಕ್ಲಾಸಿನ ಅಣ್ಣನ ಮಗಳು ನನ್ನ ಲ್ಯಾಪ್‌ಟಾಪ್ ಮುಂದೆ ಕೂತು ಕೇಳಿದಳು: "ಚಿಕ್ಕಪ್ಪಾ, ಇದಕ್ಕೆ ಕನ್ನಡದಲ್ಲಿ ಲೆಕ್ಕ ಹೇಳೋಕಾಗಲ್ವಾ?" ಆಗುತ್ತೆ ಅಂದುಬಿಟ್ಟೆ. ಆ ಒಂದು ಮಾತು ಆರು ತಿಂಗಳು ನನ್ನ ನಿದ್ದೆ ಕೆಡಿಸಿತು :)

ಅವಳ ಪ್ರಶ್ನೆ ನನಗೆ ಹೊಸದೇನಲ್ಲ. ನಾನು ಬೇಸಿಕ್ ಕಲಿತದ್ದು ಮಂತ್ರದ ಥರ, ಅರ್ಥ ಗೊತ್ತಿಲ್ಲದೆ ಬಾಯಿಪಾಠ ಮಾಡಿ. 'ಇಫ್' ಬಂದರೆ 'ದೆನ್' ಬರಬೇಕು, ಅಷ್ಟೇ. ಯಾಕೆ ಅಂತ ಕೇಳುವ ಧೈರ್ಯ ಇರಲಿಲ್ಲ. ನನಗೆ ಲೆಕ್ಕ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಆದರೆ ನಾನು ಬಹಳ ಕಾಲ ನನಗೆ ಲೆಕ್ಕವೇ ಬರಲ್ಲ ಅಂದುಕೊಂಡಿದ್ದೆ.

ಕನ್ನಡದಲ್ಲಿ ಈ ಕೆಲಸ ಮಾಡಿದವರು ಮೊದಲೇ ಇದ್ದಾರೆ. 1967ರಲ್ಲಿ ಅಮೆರಿಕದಲ್ಲಿ ಸೆಮೋರ್ ಪ್ಯಾಪರ್ಟ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಲೋಗೋ ಎಂಬ ಭಾಷೆ ಮಾಡಿದರು. ಆಮೆಯನ್ನು ಓಡಿಸಿ ಚಿತ್ರ ಬಿಡಿಸುವ ಆಟ ಅದರಲ್ಲೇ ಪ್ರಸಿದ್ಧವಾದದ್ದು. ಅದನ್ನು ನಮ್ಮ ಯು.ಬಿ. ಪವನಜ ಅವರು ಕನ್ನಡಕ್ಕೆ ತಂದರು. ಇಂಗ್ಲಿಷ್ ಬರದ ಮಗುವೂ ಪ್ರೋಗ್ರಾಮ್ ಬರೆಯಬಹುದು ಅಂತ ತೋರಿಸಿಕೊಟ್ಟ ಕೆಲಸ ಅದು.

ನಾನು ಸುಮ್ಮನೆ ಇಂಗ್ಲಿಷ್ ಪದಗಳ ಜಾಗಕ್ಕೆ ಕನ್ನಡ ಪದ ಹಾಕಿದರಾಯ್ತು ಅಂತ ಶುರು ಮಾಡಿದೆ. ಓದಿದರೆ ಏನೋ ಕೊಂಕು! "ಕಳೆ ನಾಲ್ಕು ಹತ್ತರಿಂದ" ಅಂತ ಯಾರಾದರೂ ಮಾತಾಡ್ತಾರಾ? ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಹತ್ತರಲ್ಲಿ ನಾಲ್ಕು ಕಳೆ.

ಹುಡುಕುತ್ತಾ ಹೋದಾಗ ಒಂದು ಹಳೆಯ ಕಥೆ ಸಿಕ್ಕಿತು. ಕಂಸಗಳಿಲ್ಲದೆ, ಕ್ರಿಯೆಯ ಗುರುತನ್ನು ಮೊದಲು ಇಟ್ಟು ಬರೆಯುವ ಉಪಾಯ ಪೋಲೆಂಡಿನ ತರ್ಕಶಾಸ್ತ್ರಿ ಯಾನ್ ವುಕಸೇವಿಚ್‌ಗೆ ಹೊಳೆದದ್ದು 1924ರಲ್ಲಿ. ಆಸ್ಟ್ರೇಲಿಯಾದ ಚಾರ್ಲ್ಸ್ ಹ್ಯಾಂಬ್ಲಿನ್ 1957ರಲ್ಲಿ ಅದನ್ನು ತಿರುಗಿಸಿ, ಸಂಖ್ಯೆ ಮೊದಲು, ಕ್ರಿಯೆ ಆಮೇಲೆ ಅಂದ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಸಂಖ್ಯೆ ಪೇರಿಸುವುದು, ಕ್ರಿಯೆ ಬಂದಾಗ ಮೇಲಿನ ಎರಡನ್ನು ತೆಗೆದು ಉತ್ತರ ಇಡುವುದು. 1960ರ ದಶಕದ ಬರೋಸ್ ಬಿ5000 ಯಂತ್ರ, 1972ರ ಎಚ್‌ಪಿ-35 ಕ್ಯಾಲ್ಕುಲೇಟರ್, 1990ರ ದಶಕದ ಜಾವಾ, ಎಲ್ಲದರ ಒಳಗೂ ಇದೇ ಪೇರಿಕೆ.

ಈ ಸಾಲಿಗೆ ಸೇರಿದ್ದು ವೆಬ್ಅಸೆಂಬ್ಲಿ. 2015ರಲ್ಲಿ ಘೋಷಣೆಯಾಯಿತು, 2017ರ ಕೊನೆಗೆ ನಾಲ್ಕು ಮುಖ್ಯ ಬ್ರೌಸರ್‌ಗಳಲ್ಲೂ ಓಡಿತು, 2019ರ ಡಿಸೆಂಬರಿನಲ್ಲಿ ಅಧಿಕೃತ ವೆಬ್ ಮಾನಕವಾಯಿತು. ಬೇರೆ ಬೇರೆ ಭಾಷೆಗಳು ಬಂದು ಇಳಿಯುವ ಒಂದೇ ನೆಲ ಅನ್ನಿ. ಅದಕ್ಕೆ ಹತ್ತರಲ್ಲಿ ನಾಲ್ಕು ಕಳೆಯಲು ಹೇಳಬೇಕಾದ ಕ್ರಮ: 10, 4, ಕಳೆ. ಒಟ್ಟು ಐದೇ ಬೈಟು! 'ಇಫ್' ಕೂಡ ಅಷ್ಟೇ, ಷರತ್ತು ಮೊದಲು, 'ಇಫ್' ಆಮೇಲೆ. "ಮಳೆ ಬಂದರೆ" ಅನ್ನುವಾಗ ನಮ್ಮ 'ರೆ' ಕೊನೆಗೆ ಬರೋದಿಲ್ವೇ, ಹಾಗೆ.

ನನ್ನ ಕೆಲಸ ಅರ್ಧಕ್ಕರ್ಧ ಇಳಿಯಿತು. ಇಂಗ್ಲಿಷ್ ಮಾದರಿಯ ಭಾಷೆಗಳಲ್ಲಿ ಪದಗಳ ಕ್ರಮವನ್ನು ಬಿಡಿಸಿ ಮತ್ತೆ ಜೋಡಿಸಬೇಕು. ನನ್ನ ಪುಟ್ಟ ಭಾಷೆಗೆ ಅದು ಬೇಡ. ಪದ ಓದು, ಬೈಟು ಬರೆ, ಮುಂದೆ ಹೋಗು. ವೆಬ್ಅಸೆಂಬ್ಲಿಯಲ್ಲಿ ಹೊರಗೆ ಕಾಣುವ ಹೆಸರುಗಳು ಯೂನಿಕೋಡ್ ಆದ್ದರಿಂದ 'ಬಡ್ಡಿ' ಅಂತಲೇ ಹೆಸರಿಡಬಹುದು.

ಕೊರತೆಗಳು ಬೇಕಾದಷ್ಟಿವೆ. ವಿಭಕ್ತಿ ಪ್ರತ್ಯಯ ಕೈಬಿಟ್ಟಿದ್ದೇನೆ. ಈಗಿರುವುದು ಪೂರ್ಣಾಂಕ ಮಾತ್ರ, ಪಠ್ಯವಿಲ್ಲ. ಇದರಿಂದ ಯಾರಿಗೂ ನೌಕರಿ ಸಿಗಲ್ಲ, ನಾಳೆ ಆ ಹುಡುಗಿ ಪೈಥಾನ್ ಕಲಿಯಲೇಬೇಕು. ಆದರೆ ಆಗ ಅವಳು ಹೊಸದಾಗಿ ಕಲಿಯುವುದು ಇಂಗ್ಲಿಷ್ ಪದಗಳನ್ನಷ್ಟೇ, ಯೋಚಿಸುವುದನ್ನಲ್ಲ. ನನಗೆ ಎರಡೂ ಒಟ್ಟಿಗೆ ತಲೆ ಮೇಲೆ ಬಿದ್ದಿತ್ತು.

ದೀಪಾವಳಿಗೆ ಹೋದಾಗ ತೋರಿಸಿದೆ. ಅವಳು ತೋಟದ ಕಾಯಿ ಲೆಕ್ಕ ಹಾಕಿದಳು: 120 18 ಕಳೆ. ತೆರೆ ಮೇಲೆ 102 ಬಂತು. ನಾನು ವುಕಸೇವಿಚ್‌ನಿಂದ ಶುರು ಮಾಡಿ ಎಲ್ಲಾ ವಿವರಿಸಲು ಹೊರಟರೆ, ಅವಳು ತಲೆಯೆತ್ತದೆ ಹೇಳಿದಳು: "ಅದರಲ್ಲೇನಿದೆ ಚಿಕ್ಕಪ್ಪಾ, ನಾವು ಹಂಗೇ ತಾನೆ ಹೇಳೋದು?"

ಹೌದಲ್ವಾ... ನೀವೇನಂತೀರಿ?