ತರಾಸು ಒಪ್ಪದ ‘ನಾಗರಹಾವು’

ಉಡಿಗಾಲ, ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯವರಿಗೆ ರಾಜ್‌ಕುಮಾರ್ ಬರೀ ನಟರಲ್ಲ, ತಮ್ಮ ಕಡೆಯವರು. ಅವರ ಗಾಜನೂರು ತಾಳವಾಡಿಯ ಹತ್ತಿರ, ಗಡಿ ದಾಟಿದೊಡನೆ ಸಿಗುತ್ತದೆ. 1972ರಲ್ಲಿ ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ ಬಂದಾಗ, ಬೇಸಾಯಕ್ಕೆ ನಿಂತ ರಾಜೀವನನ್ನು ನಾಡೇ ಎದೆಗಪ್ಪಿಕೊಂಡಿತು. ಇಂಥ ಸೀಮೆಯಲ್ಲಿ ಆ ಚಿತ್ರ ಹಿಡಿಸಲಿಲ್ಲ ಎನ್ನುವುದಕ್ಕೆ ಗಟ್ಟಿ ಗುಂಡಿಗೆಯೇ ಬೇಕು.

ಅದೇ ವರ್ಷದ ಕೊನೆಯಲ್ಲಿ ತೆರೆಕಂಡ ‘ನಾಗರಹಾವು’ ಚಿತ್ರಕ್ಕೂ ಜನ ಮುಗಿಬಿದ್ದರು. ಪುಟ್ಟಣ್ಣ ಕಣಗಾಲರ ನಿರ್ದೇಶನ, ಚಿತ್ರದುರ್ಗದ ಬಂಡೆಗಳು, ರಾಮಾಚಾರಿಯಾಗಿ ವಿಷ್ಣುವರ್ಧನ್, ಜಲೀಲನಾಗಿ ಅಂಬರೀಶ್, ಚಾಮಯ್ಯ ಮೇಷ್ಟ್ರಾಗಿ ಅಶ್ವಥ್. ಮೆಚ್ಚದವರು ಯಾರು? ಕಥೆ ಬರೆದ ತ.ರಾ.ಸುಬ್ಬರಾಯರೇ! ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಎಂದು ಅವರು ನೊಂದು ಆಡಿದ ಮಾತು ಇಂದಿಗೂ ಚಿತ್ರರಂಗದಲ್ಲಿ ಓಡಾಡುತ್ತಿದೆ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕ್ಕೆ ಇಳಿಸುವಾಗ ಬಹಳಷ್ಟು ಬಿಟ್ಟುಹೋಗದೆ ಇರದು. ರಾಮಾಚಾರಿಯ ಜೊತೆ ವರ್ಷಗಟ್ಟಲೆ ಬಾಳಿದ ಲೇಖಕನಿಗೆ ಆ ಕೊರತೆ ಚುಚ್ಚಿದ್ದು ಸಹಜ. ಪುಟ್ಟಣ್ಣನವರ ಚಿತ್ರ ದೊಡ್ಡದೇ. ತರಾಸು ಅವರ ನೋವೂ ಅಷ್ಟೇ ದೊಡ್ಡದು.

ಎಲ್ಲರೂ ಮೆಚ್ಚಿದ್ದು ತಮಗೆ ಸಾಲದು ಎಂದವರು ಆ ಕಾಲದಲ್ಲಿ ಬೇರೆಯವರೂ ಇದ್ದರು. ಅವರ ಅತೃಪ್ತಿ ಗೊಣಗಾಟದಲ್ಲೇ ಮುಗಿಯಲಿಲ್ಲ. ಸೆನ್ಸಾರ್ ಮಂಡಳಿ ಮೊದಲು ತಡೆದಿದ್ದ ‘ಸಂಸ್ಕಾರ’ 1970ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಗೆದ್ದಿತು. ಮರುವರ್ಷ ಬೆಂಗಳೂರಿನಲ್ಲಿ ‘ಸುಚಿತ್ರಾ’ ಫಿಲ್ಮ್ ಸೊಸೈಟಿ ಶುರುವಾಯಿತು.

ಇವೆಲ್ಲಕ್ಕಿಂತ ಸೋಜಿಗದ್ದು ಹೆಗ್ಗೋಡಿನ ಕಥೆ. ಸಾಗರ ತಾಲ್ಲೂಕಿನ ಈ ಹಳ್ಳಿಯಲ್ಲಿ ಕೆ.ವಿ.ಸುಬ್ಬಣ್ಣ 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿದರು. ಕಲಾತ್ಮಕ ಸಿನಿಮಾ ಪಟ್ಟಣದ ಓದಿದವರಿಗೆ ಮಾತ್ರ ಎಂಬ ನಂಬಿಕೆಯನ್ನು ಅವರು ಒಪ್ಪಲಿಲ್ಲ. ಸತ್ಯಜಿತ್ ರಾಯ್, ಕುರೊಸಾವ ಮೊದಲಾದವರ ಚಿತ್ರಗಳನ್ನು ತರಿಸಿ ತೋರಿಸಿದರು. ಪುಣೆಯಿಂದ ಸತೀಶ್ ಬಹಾದೂರ್, ಪಿ.ಕೆ.ನಾಯರ್ ಅವರಂಥ ಸಿನಿಮಾ ತಜ್ಞರು ಬಂದು ರಸಗ್ರಹಣ ಶಿಬಿರ ನಡೆಸಿದರು. ಅಡಿಕೆ ಬೆಳೆಗಾರರು, ಕೂಲಿ ಕೆಲಸದವರು ಕೂತು ನೋಡಿದರು. ನಾಯರ್ ಕುರಿತ ‘ಸೆಲ್ಯುಲಾಯ್ಡ್ ಮ್ಯಾನ್’ ಸಾಕ್ಷ್ಯಚಿತ್ರದಲ್ಲಿ, ಹಲವು ದಶಕಗಳ ನಂತರವೂ, ಅಲ್ಲಿನವರು ಆ ಚಿತ್ರಗಳ ಬಗ್ಗೆ ಅಕ್ಕರೆಯಿಂದ ಮಾತಾಡುತ್ತಾರೆ.