'ಹತಾತಾ': ಗುಹೆಯ ವಿಚಾರಣೆ ಮತ್ತು ಕರ್ತೃತ್ವದ ವಿವಾದ

ಆಫ್ರಿಕಾದ ಚಿಂತನೆಯೆಂದರೆ ಗಾದೆ, ಪುರಾಣ ಹಾಗೂ ಮೌಖಿಕ ಪರಂಪರೆ ಮಾತ್ರ ಎಂಬ ಗ್ರಹಿಕೆ ಬಹುಕಾಲ ವಿದ್ವತ್ ವಲಯದಲ್ಲಿ ಬೇರೂರಿತ್ತು. ಈ ಗ್ರಹಿಕೆಯನ್ನು ಇಕ್ಕಟ್ಟಿಗೆ ಸಿಲುಕಿಸಿದ ಕೃತಿಗಳಲ್ಲಿ ಇಥಿಯೋಪಿಯದ ಗೀಜ್ ಭಾಷೆಯ 'ಹತಾತಾ' ಪ್ರಮುಖವಾದುದು. ಪದದ ಅರ್ಥ 'ವಿಚಾರಣೆ'. ಕೃತಿಯೇ ಹೇಳುವಂತೆ ಕರ್ತೃ ಜೆರಾ ಯಾಕೋಬ್ 1599ರಲ್ಲಿ ಅಕ್ಸುಮ್ ಪ್ರಾಂತದ ಬಡ ರೈತನ ಮಗನಾಗಿ ಹುಟ್ಟಿದವನು. ದೊರೆ ಸುಸೆನ್ಯೋಸ್ ಕ್ಯಾಥೊಲಿಕ್ ಮತವನ್ನು ಹೇರಿದಾಗ ತಲೆಮರೆಸಿಕೊಂಡು ಎರಡು ವರ್ಷ ಗುಹೆಯಲ್ಲಿದ್ದ ಈತ, 1667ರಲ್ಲಿ ತನ್ನ ವಿಚಾರಗಳನ್ನು ಬರೆದಿಟ್ಟನು.

ಪ್ರತಿ ಮತವೂ ತಾನೇ ಸತ್ಯವೆನ್ನುವಾಗ ತೀರ್ಪು ನೀಡುವವರಾರು? ದೇವರು ಮನುಷ್ಯನಿಗಿತ್ತ ಬುದ್ಧಿಯ ಬೆಳಕು ಎಂಬುದು ಅವನ ಉತ್ತರ. ಆ ಬೆಳಕಿನಲ್ಲಿ ಅವನು ಸನ್ಯಾಸವನ್ನೂ ಉಪವಾಸದ ಕಟ್ಟಳೆಗಳನ್ನೂ ಗುಲಾಮಗಿರಿಯನ್ನೂ ಅಲ್ಲಗಳೆಯುತ್ತಾನೆ. ದಾಂಪತ್ಯದಲ್ಲಿ ಸತಿಪತಿಗಳು ಸಮಾನರೆನ್ನುತ್ತಾನೆ. 1637ರಲ್ಲಿ ಪ್ರಕಟವಾದ ಡೆಕಾರ್ಟನ ಗ್ರಂಥದೊಡನೆ ಇದನ್ನು ಹೋಲಿಸುವುದುಂಟು. ಆದರೆ ಡೆಕಾರ್ಟನ ಸಂಶಯ ಜ್ಞಾನದ ಬುನಾದಿಯನ್ನು ಅರಸಿದರೆ, ಜೆರಾ ಯಾಕೋಬನದು ಮತಕಲಹದ ನೋವಿನಿಂದ ಮೂಡಿದ್ದು. ಹೋಲಿಕೆಗಿಂತ ಈ ವ್ಯತ್ಯಾಸವೇ ಹೆಚ್ಚು ಗಮನಾರ್ಹ.

ಈ ಹಸ್ತಪ್ರತಿಯನ್ನು 1850ರ ದಶಕದಲ್ಲಿ ಫ್ರೆಂಚ್ ವಿದ್ವಾಂಸ ಆಂತ್ವಾನ್ ದ'ಅಬ್ಬಾದಿಗೆ ಕಳುಹಿಸಿದವನು ಇಟಲಿಯ ಪಾದ್ರಿ ಜಿಯುಸ್ಟೋ ದ ಉರ್ಬಿನೊ. ಕೃತಿ ಆತನದೇ ಸೃಷ್ಟಿಯೆಂದು ಕಾಂಟಿ ರೊಸ್ಸಿನಿ 1920ರಲ್ಲಿ ವಾದಿಸಿದನು. 1970ರ ದಶಕದಲ್ಲಿ ಕ್ಲಾಡ್ ಸಮ್ನರ್ ಅದನ್ನು ದೀರ್ಘವಾಗಿ ಖಂಡಿಸಿದರು. 2013ರಲ್ಲಿ ಅನಾಯಿಸ್ ವಿಯೋನ್ ಸಂಶಯಕ್ಕೆ ಮರುಜೀವ ನೀಡಿದರು. ಯುರೋಪಿನ ತರ್ಕಕ್ಕೆ ಸಮೀಪವೆನಿಸಿದ ಮಾತ್ರಕ್ಕೆ ಕೃತಿಯನ್ನು ಯುರೋಪಿನವನಿಗೆ ಒಪ್ಪಿಸುವುದು ನ್ಯಾಯವಲ್ಲ. ಅಭಿಮಾನದಿಂದ ಸಂಶಯವನ್ನೇ ತಳ್ಳಿಹಾಕುವುದೂ ಸಂಶೋಧನೆಯಲ್ಲ. ತಿಳಿದಿರುವ ಎರಡು ಪ್ರತಿಗಳೂ ಜಿಯುಸ್ಟೋನ ಮೂಲಕವೇ ಬಂದವು.